ಹೊಳೆಯ ಬಾಯಿಂದ ತಂದ ಬುರುಡೆ

"ಮಳೆಗೆ ಮೊದಲು ಇದು ನಮ್ಮ ಮೇಜಿನ ಮೇಲಿರಬೇಕು," ಎಂದಳು ಸಂಶೋಧಕಿ, ಮ್ಯೂಸಿಯಮ್ಮಿನ ಕೋಣೆಯಲ್ಲಿ ಫೋಟೋ ಹರಡುತ್ತ. ಹೊಳೆಯ ಕಡಿದಾದ ದಂಡೆಯಿಂದ ಕಲ್ಲಾದ ಬುರುಡೆಯೊಂದು ಇಣುಕುತ್ತಿತ್ತು. ಹಲ್ಲು ಮೊಸಳೆಯದು, ಮೂತಿ ಮಾತ್ರ ಮೊಂಡು. ಅಂಥ ಪ್ರಾಣಿಯನ್ನು ಯಾರೂ ವರ್ಣಿಸಿರಲಿಲ್ಲ. ಒಂದು ನೆರೆ ಬಂದರೆ ಎಲ್ಲವೂ ನೀರುಪಾಲು.

ಜೊತೆಗೆ ಹೊರಟವರು ಇಬ್ಬರು: ದೋಣಿ ನಡೆಸುವ ಅವಳ ಅಕ್ಕ, ಪಳೆಯುಳಿಕೆಗಳಿಗೆ ಪ್ಲಾಸ್ಟರ್ ಕಟ್ಟುವ ತಂತ್ರಜ್ಞ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಾರೆಯಣ್ಣ ಎಂದೇ.

ಕಣಿವೆ ಹೊಕ್ಕಂತೆ ಎರಡೂ ಕಡೆ ಕೆಂಪು, ಬೂದು ಪದರಗಳ ಗೋಡೆಗಳು ಎದ್ದುನಿಂತವು. ಹದ್ದಿನ ನೆರಳು ಬಂಡೆಯಿಂದ ಬಂಡೆಗೆ ಜಾರುತ್ತಿತ್ತು. ಕೆಳಗೆ ಹೊಳೆ ಸಾಧುವಾಗಿ, ಏನೂ ಅರಿಯದಂತೆ ಹರಿಯುತ್ತಿತ್ತು.

ಸಂಶೋಧಕಿ ಹಗ್ಗಕ್ಕೆ ಜೋತುಬಿದ್ದು ಉಳಿ ಹಿಡಿದಳು. ಗಾರೆಯಣ್ಣ ಗೋಣಿಪಟ್ಟಿಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಬುರುಡೆಗೆ ಸುತ್ತಿದ. ಅಷ್ಟರಲ್ಲಿ ನೀರು ಕೆಂಪಾಯಿತು.

"ಮೇಲೆಲ್ಲೋ ಮಳೆ ಹೊಡೆದಿದೆ. ಬೇಗ ಇಳೀರಿ!" ಅಕ್ಕ ಕೂಗಿದಳು.

ಬುರುಡೆ ಬಂಡೆಯಿಂದ ಕಳಚಿತು; ಗಾರೆಯಣ್ಣ ಅದನ್ನು ದೋಣಿಗೆ ಇಳಿಸಿಕೊಂಡ. ಆದರೆ ಇನ್ನೂ ಪಟ್ಟಿ ಸುತ್ತದಿದ್ದ ಮೂತಿಯ ತುದಿ ಮುರಿದು ಕೆಳಗಿನ ಚಾಚುಕಲ್ಲಿನ ಮೇಲೆ ಬಿತ್ತು. ಅಲೆ ಆಗಲೇ ಅದನ್ನು ನೆಕ್ಕುತ್ತಿತ್ತು.

"ಬಿಟ್ಟಾಕಿ ಮೇಡಂ, ಜೀವ ಉಳಿದ್ರೆ ಸಾಕು!"

"ಮೂಗಿನ ಹೊಳ್ಳೆ ಇರೋದೇ ಅದರಲ್ಲಿ!"

ಅವಳು ಹಗ್ಗ ಹಿಡಿದು ಕೆಳಕ್ಕೆ ಜಾರಿದಳು. ನೀರು ಸೊಂಟ ಮುಟ್ಟಿತು. ಬೆರಳಿಗೆ ಮೂತಿಯ ತುಂಡು ಸಿಕ್ಕಿತು, ತಪ್ಪಿತು, ಮತ್ತೆ ಸಿಕ್ಕಿತು. ಅಕ್ಕ ಅವಳ ಅಂಗಿಯ ಕಾಲರಿಗೆ ಕೈಹಾಕಿ ದೋಣಿಯೊಳಕ್ಕೆ ಎಳೆದಳು.

ದೋಣಿ ಬುಗುರಿಯಂತೆ ತಿರುಗಿತು. ಭಾರಕ್ಕೆ ಮುಳುಗತೊಡಗಿತು.

"ಏನಾದ್ರೂ ಎಸೀಬೇಕು!" ಅಕ್ಕ ಅರಚಿದಳು.

ಡೇರೆ ಹೋಯಿತು. ಒಲೆ, ಪಾತ್ರೆ ಹೋದವು. ಅಕ್ಕಿಯ ಮೂಟೆಯೂ ಹೋಯಿತು. ಬುರುಡೆಯನ್ನು ಗಾರೆಯಣ್ಣ ಮಗುವಿನಂತೆ ತಬ್ಬಿ ಕುಳಿತಿದ್ದ. ಅಕ್ಕ ಹಲ್ಲು ಕಚ್ಚಿ ಹುಟ್ಟು ಹಾಕಿ ಕೊನೆಗೂ ದೋಣಿಯನ್ನು ಮರಳದಿಣ್ಣೆಗೆ ಹತ್ತಿಸಿದಳು. ಹಸಿದ ಹೊಟ್ಟೆಯಲ್ಲೇ ಮೂವರೂ ಊರು ಸೇರಿದರು.

ಮುಂದಿನದು ಸೂಜಿಯ ಕೆಲಸ. ತಿಂಗಳುಗಟ್ಟಲೆ ಕಲ್ಲು ಕೆರೆದ ಮೇಲೆ ಮೂತಿಯ ತುದಿ ಬುರುಡೆಗೆ ಸರಿಯಾಗಿ ಕೂತಿತು. ನೀರಲ್ಲಿ ಅಡಗುವ ಮೊಸಳೆಗೆ ಹೊಳ್ಳೆ ಮೇಲ್ಮುಖ. ಇದರದು ನೇರ ಮುಂದಕ್ಕೆ. ಇದು ನೆಲದ ಮೇಲೆ ಓಡಾಡಿದ ಪ್ರಾಣಿ! "ಹಳೇ ಜಾತಿಯದೇ ಇರಬೇಕು" ಎಂದು ರಾಗ ಎಳೆದಿದ್ದ ಹಿರಿಯ ವಿಜ್ಞಾನಿ, ಬುರುಡೆಯನ್ನು ಸುತ್ತಲೂ ತಿರುಗಿಸಿ ನೋಡಿ, "ಹೊಸದೇ ಕಣಮ್ಮ," ಎಂದು ಕೈಕುಲುಕಿದರು.

ವಿಜ್ಞಾನ ಪತ್ರಿಕೆಯಲ್ಲಿ ವರ್ಣನೆ ಅಚ್ಚಾಗಿ ಬಂತು. ಹೊಸ ಹೆಸರನ್ನು ಓದಲು ಹೋಗಿ ಗಾರೆಯಣ್ಣನ ನಾಲಿಗೆ ತೊಡರಿತು.

"ಇದರರ್ಥ ಏನೇ?" ಅಕ್ಕ ಕೇಳಿದಳು.

"ದಂಡೆ ಹತ್ತಿ ಬಂದದ್ದು ಅಂತ."

"ಯಾರು, ಅದಾ? ನಾವಾ?"

ಸಂಶೋಧಕಿ ನಕ್ಕಳು. "ಎಲ್ಲರೂ."