ಪ್ರಬಂಧಕ್ಕೆ ಸೇರದ ಚರಣ

ರಾತ್ರಿ ಹನ್ನೊಂದೂವರೆಗೆ ಹೊಸ ಹೆಡ್‌ಫೋನಿನಲ್ಲಿ ಒಂದು ಸಣ್ಣ ಗುನುಗು ಕೇಳಿಸಿತು.

ಭಾರತಿ ರೆಕಾರ್ಡಿಂಗ್ ನಿಲ್ಲಿಸಿ ಹಿಂದಕ್ಕೆ ಎಳೆದಳು. ಕಮಲಿ ಹಾಡುತ್ತಾಳೆ, ಒಂದು ಸಾಲು. ಆಮೇಲೆ ಮೌನ, ಎಂಟು ಸೆಕೆಂಡು. ಆ ಮೌನದೊಳಗೆ, ದೂರದ ಬಾಗಿಲ ಬಳಿಯಿಂದ, ಬಾಯಿ ಮುಚ್ಚಿಕೊಂಡೇ ಗುನುಗುವ ಒಂದು ಗಂಡು ದನಿ. ಗುನುಗು ಮುಗಿದ ಕೂಡಲೇ ಕಮಲಿಯ ಮುಂದಿನ ಸಾಲು.

ಅವಳು ಪ್ರಬಂಧದ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಕಮಲಿಯಂಥ ಹಾಲಕ್ಕಿ ಒಕ್ಕಲಿಗ ಹೆಂಗಸರ ನಾಟಿ ಹಾಡುಗಳ ಮೇಲೆ ಎರಡು ವರ್ಷ ಕೆಲಸ ಮಾಡಿ, ಈ ಎಂಟು ಸೆಕೆಂಡಿನ ಮೌನದ ಮೇಲೆಯೇ ಅವಳು ಇಪ್ಪತ್ತೆರಡು ಪುಟ ಬರೆದಿದ್ದಳು. ದುಡಿಯುವ ಹೆಣ್ಣಿನ ನುಂಗಿಕೊಂಡ ದುಃಖವೇ ಈ ಮೌನ ಎಂದು. ನಾಡಿದ್ದು ಕಾರವಾರದ ಕಾಲೇಜಿನಲ್ಲಿ ಸೆಮಿನಾರ್. ಅವಳು ಅಲ್ಲಿ ಗೆಸ್ಟ್ ಲೆಕ್ಚರರ್. ನೆಲಮೂಲ ಸಮುದಾಯಗಳ ಬಗ್ಗೆ ಅವಳು ಈ ವರ್ಷ ಶುರುಮಾಡಿದ ಐಚ್ಛಿಕ ಪಾಠ ಮುಂದಿನ ವರ್ಷವೂ ಇರಬೇಕೋ ಬೇಡವೋ ಎಂದು ವಿಭಾಗದ ಮುಖ್ಯಸ್ಥ ದೇವಾನಂದ ಸರ್ ಆ ಪ್ರಬಂಧ ಕೇಳಿದ ಮೇಲೆ ಹೇಳುವವರಿದ್ದರು. ಪಾಠ ಹೋದರೆ ಅವಳೂ ಹೋದಂತೆ.

ಆದರೆ ಅದು ಮೌನವೇ ಅಲ್ಲ. ಅದು ಇನ್ನೊಬ್ಬರಿಗಾಗಿ ಬಿಟ್ಟ ಜಾಗ.

ಆ ಗುನುಗು ಯಾರದೆಂದು ಗುರುತಿಸಲು ಎರಡನೇ ಸಲ ಕೇಳಬೇಕಾಗಿರಲಿಲ್ಲ. ಆದರೂ ಏಳು ಸಲ ಕೇಳಿದಳು.

ಬೆಳಗಿನ ಮೊದಲ ಬಸ್ಸಿಗೆ ಶಿರವಾಡದ ಮನೆ ಬಿಟ್ಟಳು. ಬಾಳೆಗುಳಿಯಲ್ಲಿ ಇಳಿದಾಗ ಕಮಲಿಯ ಮಗ ಸಾಯಿನಾಥ ಎಂದಿನಂತೆ ಬೈಕಿನೊಂದಿಗೆ ನಿಂತಿದ್ದ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೆಲಸ. ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಮ್ಮಣ್ಣು. ಅವನ ಬೈಕಿನ ಎಡಗನ್ನಡಿ ರಸ್ತೆಗಿಂತ ಹಿಂದೆ ಕೂತವರ ಮುಖವನ್ನೇ ಚೆನ್ನಾಗಿ ತೋರಿಸುತ್ತದೆಂದು ಭಾರತಿ ಮೊದಲ ತಿಂಗಳಲ್ಲೇ ಗಮನಿಸಿದ್ದಳು. ಸರಿಮಾಡಿ ಎಂದು ಯಾವತ್ತೂ ಹೇಳಿರಲಿಲ್ಲ.

"ಏನ್ ಮೇಡಂ, ಮುಖ ಸಪ್ಪಗದೆ?"

"ಅವತ್ತು ಬಾಗಿಲಲ್ಲಿ ಗುನುಗಿದ್ದು ನೀವಾ?" ಹಿಂದೆ ಕೂತು, ಬೈಕ್ ಹೊರಟ ಮೇಲೆ ಕೇಳಿದಳು ಭಾರತಿ.

ಕನ್ನಡಿಯಲ್ಲಿ ಅವನ ಕಣ್ಣು ಒಮ್ಮೆ ಅವಳನ್ನು ನೋಡಿ ರಸ್ತೆಗೆ ಓಡಿಹೋಯಿತು. ಕಿವಿಗಳು ಮಾತ್ರ ಓಡಲಾಗದೆ ಕೆಂಪಾದವು.

"ಅವ್ವಿ ಪಾಪ ಕಾಯ್ತೆ ಇದ್ದಿತ್ತು. ನೋಡೂಕಾಗ್ಲಿಲ್ಲ. ಹೆಂಗಸ್ರ ಹಾಡಿಗೆ ನಾ ಬಾಯ್ಬಿಟ್ಟು ಹಾಡೂ ಹಾಂಗಿಲ್ಲ, ಅದ್ಕೆ ಬಾಯ್ ಮುಚ್ಕಂಡೆ ಹಾಡ್ದೆ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಚೆಂದಾಗಿ ಬರ್ಕಂತಿದ್ರಿ..." ಅವನು ಗೇರ್ ಬದಲಿಸಿದ. "ತಪ್ಪು ಬರ್ಕಂಡ್ರೆ ಸರಿಮಾಡೂಕೆ ಇನ್ನೊಂದ್ಸಲ ಬತ್ರಿ ಅಂತ ಆಸೆ."

ಸಿಟ್ಟು ಮಾಡಬೇಕೆಂದು ಅವಳು ತುಂಬ ಪ್ರಯತ್ನಿಸಿದಳು.

ಕಮಲಿ ಜಗಲಿಯ ಮೇಲೆ ಕುಳಿತು ಕೊರಳ ಮಣಿಸರ ಸರಿಪಡಿಸಿಕೊಳ್ಳುತ್ತಿದ್ದಳು. ಹಾಡಿನ ನಡುವೆ ನಿಲ್ಲಿಸಿದ್ದೇಕೆಂದು ಭಾರತಿ ಕೇಳಿದಾಗ ಅವಳು ನಗಲಿಲ್ಲ.

"ಐದ್ ಸಲ ಕರ್ದೆ ತಂಗಿ. ನಮ್ಮ ಮನೆ ಪದ್ಧತಿ ಅದು, ಗದ್ದೆ ಹಾಡಲ್ಲಿ ಹೊಸ್ಬರು ಬಂದ್ರೆ ನಾವು ಕೇಳ್ತೊ, ಅವ್ರು ತಮ್ಮ ಬಾಯಿಂದ ಉತ್ರ ಕೊಡ್ಬೇಕು. ಆವಾಗ್ಲೇ ಅವ್ರು ಸಾಲಿಗೆ ಸೇರೂದು. ನೀ ಪೆನ್ನು ಹಿಡ್ಕಂಡಿ ನೆಲ ನೋಡ್ತೆ ಕೂತೆ. ಕಲ್ತ ಹೆಣ್ಣು, ನಮ್ಮ ಸಂಗ್ತಿ ಕೂಡಿ ಹಾಡೂಕೆ ನಾಚ್ಕೆ ಇರಬೇಕು ಅಂದ್ಕಂಡೆ."

"ಅಯ್ಯೋ ಕಮಲಕ್ಕ, ನನಗೆ ಗೊತ್ತೇ ಇರಲಿಲ್ಲ."

"ಕೇಳೂಕೆ ಬಂದವ್ಳು ಕೇಳ್ಬೇಕಾಗಿತ್ತಲ್ಲೆ!"

ಭಾರತಿ ಬಾಗಿಲ ಕಡೆ ನೋಡಿದಳು. ಸಾಯಿನಾಥ ಕಂಬಕ್ಕೆ ಒರಗಿ, ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದ. ಅವಳು ಕಣ್ಣರಳಿಸಿ ಗದರಿದಳು. ಅವನು ಬೆರಳಿಂದ ತನ್ನ ಬಾಯಿಗೆ ಬೀಗ ಹಾಕಿ ತೋರಿಸಿದ.

"ನಾಳೆ ನೀವು ಕಾಲೇಜಿಗೆ ಬರಬೇಕು," ಎಂದಳು ಭಾರತಿ. "ಬೇಡ ಅನ್ನಬಾರದು."

"ಅಲ್ಲಿ ನಂಗೆ ಎಂತಾ ಕೆಲ್ಸ?"

"ನನ್ನ ತಪ್ಪು ಎಲ್ಲರೆದುರು ಹೇಳ್ತೇನೆ. ನೀವು ಕೇಳಬೇಕು."

ಸೆಮಿನಾರಿನ ದಿನ ಹಾಲ್ ತುಂಬಿತ್ತು. ಮೊದಲ ಸಾಲಿನಲ್ಲಿ ದೇವಾನಂದ ಸರ್ ಕನ್ನಡಕ ಒರೆಸುತ್ತಿದ್ದರು. ಮೂರನೇ ಸಾಲಿನಲ್ಲಿ ಕಮಲಿ, ಪಕ್ಕದಲ್ಲಿ ಇಸ್ತ್ರಿ ಮಾಡಿದ ನೀಲಿ ಅಂಗಿಯ ಸಾಯಿನಾಥ. ಆ ಅಂಗಿಯನ್ನು ಅವಳು ಹಿಂದೆ ನೋಡಿರಲಿಲ್ಲ. ಈಗ ನೋಡಬಾರದು ಎಂದುಕೊಂಡು ಇನ್ನೊಮ್ಮೆ ನೋಡಿದಳು.

ಅವಳು ಮೈಕ್ ಹತ್ತಿರ ಬಂದು ನಿಂತಳು. ಓದಬೇಕಿದ್ದ ಹಾಳೆಯನ್ನು ಮಡಚಿಟ್ಟಳು.

"ನಾನು ಕಳಿಸಿದ ಪ್ರಬಂಧ ತಪ್ಪು," ಎಂದಳು. "ಮೌನ ಎಂದು ನಾನು ಬರೆದದ್ದು ನನಗಾಗಿ ಬಿಟ್ಟ ಜಾಗ. ಕಮಲಕ್ಕ ಐದು ಸಲ ನನ್ನನ್ನು ಕರೆದರು. ನಾನು ಐದು ಸಲವೂ ನೋಟ್ಸ್ ಬರೆದೆ."

ಯಾರೋ ಕೆಮ್ಮಿದರು. ದೇವಾನಂದ ಸರ್ ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಮುಗಿಯಿತು, ನಾಳೆಯಿಂದ ಮನೆಯಲ್ಲೇ, ಎಂದುಕೊಂಡಳು ಭಾರತಿ.

ಅಷ್ಟರಲ್ಲಿ ಮೂರನೇ ಸಾಲಿನಲ್ಲಿ ಕಮಲಿ ಎದ್ದು ನಿಂತಳು. ಮೈಕ್ ಇಲ್ಲ, ಮುನ್ಸೂಚನೆ ಇಲ್ಲ.

"ಗದ್ದಿ ಬದಿಗೆ ನಿಂತವಳೇ, ನಿನ್ನ ಊರು ಯಾವುದೇ?"

ಹಾಡಿ ನಿಲ್ಲಿಸಿದಳು. ಕಾದಳು. ಇನ್ನೂರು ತಲೆಗಳು ವೇದಿಕೆಯತ್ತ ತಿರುಗಿದವು.

ಭಾರತಿ ಸ್ನಾನದ ಮನೆಯಲ್ಲೂ ಹಾಡುವವಳಲ್ಲ. ಬಾಯಿ ತೆರೆದಳು. ದನಿ ಒಡೆದು ಬಂತು, ಆದರೂ ಬಂತು.

"ಶಿರವಾಡದಿಂದ ಬಂದೆನಕ್ಕ, ದಾರಿ ತಪ್ಪಿ ಬಂದೆನೇ."

ಹಾಲ್‌ನಲ್ಲಿ ನಗು ಎದ್ದಿತು, ಅಕ್ಕರೆಯ ನಗು. ಕಮಲಿಯ ಮುಖ ಅರಳಿತು. ಆದರೆ ಅವಳು ಅಷ್ಟಕ್ಕೇ ಬಿಡುವ ಹೆಂಗಸಲ್ಲ. ಮಗನನ್ನೊಮ್ಮೆ ಓರೆಗಣ್ಣಲ್ಲಿ ನೋಡಿ, ಎತ್ತಿದಳು:

"ದಾರಿ ತಪ್ಪಿ ಬಂದವಳೇ, ತಿರುಗಿ ಹೋಪುದೆಂದಿಗೆ?"

ಎಂಟು ಸೆಕೆಂಡು. ಭಾರತಿ ಸಾಯಿನಾಥನನ್ನು ನೋಡಿದಳು. ಅವನು ಕುರ್ಚಿಯ ತುದಿಗೆ ಸರಿದಿದ್ದ. ಎರಡು ವರ್ಷ ಪ್ರತಿ ಮಾತನ್ನೂ ತೂಗಿ ಆಡಿದವಳು ಈ ಸಲ ತೂಗಲಿಲ್ಲ.

"ಹೋಪ ಮನಸೇ ಇಲ್ಲವಕ್ಕ, ನಿನ್ನ ಮನೆಗೇ ಬಂದೆನೇ."

ಚಪ್ಪಾಳೆ ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಉರುಳಿ ಬಂತು. ಅವಳ ವಿದ್ಯಾರ್ಥಿಗಳು ಬೆಂಚು ಬಡಿದರು. ದೇವಾನಂದ ಸರ್ ಎದ್ದು ನಿಂತು, ಇಪ್ಪತ್ತು ವರ್ಷದಲ್ಲಿ ತಮ್ಮ ಪ್ರಬಂಧವೇ ತಪ್ಪೆಂದು ತಾವೇ ಹೇಳಿದವರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದರು. ಪಾಠ ಮುಂದುವರಿಯುತ್ತದೆ, ಕಮಲಿಯವರು ವಾರಕ್ಕೊಮ್ಮೆ ಬಂದು ಕಲಿಸಲು ಒಪ್ಪಿದರೆ ಇನ್ನೂ ಒಳ್ಳೆಯದು ಎಂದರು.

"ಬಸ್ಸಿಗೆ ಕೂರ್ಸಿದ್ರೆ ಬತ್ತೆ," ಎಂದಳು ಕಮಲಿ. "ಆದ್ರೆ ಪೆನ್ನು ಹಿಡ್ಕಂಡಿ ಕೂರೂರಿಗೆ ನಾ ಕಲ್ಸೂದಿಲ್ಲ."

ಹೊರಗೆ ಗಾಳಿಮರಗಳ ಕೆಳಗೆ ಸಾಯಿನಾಥ ಕಾಯುತ್ತಿದ್ದ.

"ಆ ಕಡೇ ಸಾಲು..." ಎಂದ. "ಹಾಡಿಗೆ ಹೇಳಿದ್ರೋ, ನಂಗೆ ಹೇಳಿದ್ರೋ?"

"ನಿಮಗೇನನ್ನಿಸ್ತು?"

"ನಂಗೆ ಅನ್ಸಿದ್ದು ಹೇಳಿದ್ರೆ ನೀವು ಬೈತ್ರಿ."

"ಬೈಯಲ್ಲ."

"ಹಂಗಾರೆ ನಂಗೇ ಹೇಳಿದ್ದು."

ಅವಳು ಹೌದೆಂದು ತಲೆಯಾಡಿಸಿದಳು. ಅವನು ಕೈ ಚಾಚಿದ, ಕೆಮ್ಮಣ್ಣಿನ ಗೆರೆಗಳ ಕೈ, ಇಂದು ಉಜ್ಜಿ ಉಜ್ಜಿ ತೊಳೆದದ್ದು. ಅವಳು ಹಿಡಿದಳು. ಕಡಲ ಗಾಳಿಗೆ ಸೆರಗು ಹಾರಿ ಅವನ ಭುಜಕ್ಕೆ ಬಿತ್ತು. ಇಬ್ಬರೂ ಅದನ್ನು ತೆಗೆಯಲಿಲ್ಲ.

"ಮೇಡಂ ಅನ್ನೂದು ಬಿಡ್ಲೋ?"

"ಬಿಟ್ಟು ಏನು ಕರೀತೀರಿ?"

"ಭಾರತಿ," ಎಂದ ಅವನು, ಹೆದರಿ ಹೆದರಿ. ಮತ್ತೆ, ಹೆದರಿಕೆಯಿಲ್ಲದೆ, "ಭಾರತಿ."

ಹಿಂದಿನಿಂದ ಕಮಲಿಯ ದನಿ ಬಂತು. "ನಂಗೆ ಕಣ್ಣೂ ಮಂದ, ಕಿವಿಯೂ ಮಂದ. ಬಸ್ಸು ಮಾತ್ರ ತಪ್ಪಿಸ್ಬೇಡಿ."

ಅವರನ್ನು ಬಸ್ಸು ಹತ್ತಿಸಿ ತಿರುಗಿದಾಗ ದೇವಾನಂದ ಸರ್ ಗೇಟಿನ ಹತ್ತಿರ ಸಿಕ್ಕರು. "ಆ ಎರಡನೇ ಚರಣ ಅದ್ಭುತ, ಭಾರತಿ. ಹಳೆಯದೋ, ಸ್ಥಳದಲ್ಲೇ ಕಟ್ಟಿದ್ದೋ? ಸಂದರ್ಭ ಸಮೇತ ಪ್ರಬಂಧಕ್ಕೆ ಸೇರಿಸಿ."

"ಸ್ಥಳದಲ್ಲೇ ಕಟ್ಟಿದ್ದು ಸರ್," ಎಂದಳು. "ಆದರೆ ಅದನ್ನು ಸೇರಿಸುವುದಿಲ್ಲ. ಹಾಡಿದವರ ಒಪ್ಪಿಗೆ ಇಲ್ಲ."

ಶಿರವಾಡದ ಮನೆಯಲ್ಲಿ ಅಮ್ಮ ಮಂದಾಕಿನಿ ಬಾಗಿಲಲ್ಲೇ ಹಿಡಿದಳು. ಭಾರತಿ ಚಪ್ಪಾಳೆಯ ಬಗ್ಗೆ ಹೇಳಿದಳು, ಪಾಠ ಉಳಿದದ್ದು ಹೇಳಿದಳು, ಕಮಲಿಯ ಪೆನ್ನಿನ ಮಾತು ಹೇಳಿ ಅಮ್ಮನನ್ನು ನಗಿಸಿದಳು.

"ಮತ್ತೇನಾಯ್ತೆ? ಮುಖ ಬೇರೆಯೇ ಹೊಳೀತದೆ."

"ಬಿಸಿಲು ಅಮ್ಮ."

ಒಂದು ದಿನ ಸಾಯಿನಾಥನ ವಿಷಯ ಎಲ್ಲರಿಗೂ ಹೇಳಬೇಕು, ವಾದಿಸಬೇಕು, ಒಪ್ಪಿಸಬೇಕು. ಅದಕ್ಕೆ ಅವಳು ಹೆದರಲಿಲ್ಲ. ಆದರೆ ಇನ್ನೂರು ಜನರ ಎದುರು ತಾನು ಏನು ಹೇಳಿಬಿಟ್ಟೆನೆಂಬುದನ್ನು ಸದ್ಯಕ್ಕೆ ಯಾರಿಗೂ ಹೇಳುವುದಿಲ್ಲ ಎಂದು, ಕೈಕಾಲು ತೊಳೆಯುತ್ತ, ಭಾರತಿ ನಿರ್ಧರಿಸಿದಳು.