ಬಸ್ಸಿನಲ್ಲಿ ಕೂತ ದೋಣಿ ಮಾಮ

ಗುಬ್ಬಿ ಅತ್ತೆಯ ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದಳು. ಒರೆಸುವ ಬಟ್ಟೆಗೆ ಕೈ ಚಾಚಿದಾಗ ಮೊಣಕೈ ಹಿಂದಿದ್ದ ಚಿತ್ರಕ್ಕೆ ಉಜ್ಜಿತು.

ತಿರುಗಿ ನೋಡಿದರೆ ಚಿತ್ರದ ದೋಣಿ ಮಾಮನಿಗೆ ಮುಖವೇ ಇಲ್ಲ! ಹಸಿ ಬಣ್ಣವೆಲ್ಲ ಕಲಸಿಹೋಗಿತ್ತು.



ಸೇತುವೆ ಬಂದಮೇಲೆ ದ್ವೀಪದಲ್ಲಿ ಒಂದೊಂದೇ ಕೆಲಸ ಮಾಯವಾಗುತ್ತಿತ್ತು. ಅತ್ತೆ ಅವುಗಳದ್ದೆಲ್ಲ ಚಿತ್ರ ಬರೆದಿದ್ದಳು: ಬಲೆ ಹೆಣೆಯುವವರು, ಉಪ್ಪು ಹೊರುವವರು, ಮುಚ್ಚಿದ ದೋಣಿ ಟಿಕೆಟ್ ಕಿಟಕಿ. ಪಟ್ಟಣದ ಚಿತ್ರಶಾಲೆಯವರು ಪ್ರದರ್ಶನಕ್ಕೆ ಕರೆದಿದ್ದರು. "ಬರುತ್ತೇನೆ" ಎಂದು ಬರೆದ ಪತ್ರ ಮಳೆಗಾಲದಿಂದ ಮೇಜಿನ ಮೇಲೇ ಇತ್ತು. ಕೊನೆಯದಾದ ಈ ಚಿತ್ರ ಮುಗಿಯದೆ ಅತ್ತೆ ಅದನ್ನು ಕಳಿಸುವವಳಲ್ಲ. ನಾಳೆಯೂ ಕಳಿಸದಿದ್ದರೆ ಅವರು ಬೇರೆಯವರನ್ನು ಕರೆಯುತ್ತಾರೆ.

"ಅತ್ತೆ... ನಾನು... ಮೊಣಕೈ..."

ಅತ್ತೆ ಬೈಯಲಿಲ್ಲ. ಸ್ಟೂಲಿನ ಮೇಲೆ ಕುಸಿದಳು. "ಎಷ್ಟು ಸಲ ಬರೆದ್ರೂ ಆ ಮುಖ ಸರಿಹೋಗಿರಲಿಲ್ಲ ಕಣೇ. ಈಗ ನೆನಪಿಂದ ಎಲ್ಲಿ ತರಲಿ?"

"ನೆನಪ್ಯಾಕೆ? ಮಾಮ ಬಸ್ ಸ್ಟಾಪಲ್ಲೇ ಇರ್ತಾನಲ್ಲ!"

ಜನರನ್ನು ದಾಟಿಸುವ ದೋಣಿ ನಿಂತಮೇಲೆ ಮಾಮ ಸೇತುವೆ ಬಸ್ಸಿನ ಡ್ರೈವರ್ ಆಗಿದ್ದ. ಪಾಪ, ಎಷ್ಟು ನೊಂದಿದ್ದಾನೋ ಎಂದು ಅತ್ತೆ ಆ ಕಡೆ ತಲೆಯೇ ಹಾಕಿರಲಿಲ್ಲ.

ಗುಬ್ಬಿ ಅವಳನ್ನು ಎಳೆದುಕೊಂಡೇ ಹೋದಳು. ಚಿತ್ರವೂ ಜೊತೆಗೆ ಹೋಯಿತು.

"ಅಯ್ಯೋ, ನನ್ನ ಮುಖಾನ ಬೆಕ್ಕು ನೆಕ್ತಾ?" ಎಂದ ಮಾಮ, ಬಸ್ಸಿನ ಕಿಟಕಿಯಿಂದ ಇಣುಕಿ.

"ಬೆಕ್ಕಲ್ಲ, ನಾನು," ಎಂದಳು ಗುಬ್ಬಿ.

"ಅಳುಮುಖ ಬರೆದಿದ್ದೆ," ಎಂದಳು ಅತ್ತೆ. "ದೋಣಿ ಹೋಯ್ತಲ್ಲ, ಅದಕ್ಕೆ."

"ಅಳೋದಾ? ಹುಟ್ಟು ಹಾಕಿ ಹಾಕಿ ಸೊಂಟ ಬಿದ್ದೋಗಿತ್ತು ತಾಯಿ! ಈಗ ಮಳೇಲೂ ಕಾಲು ಒಣಗಿರತ್ತೆ. ನೀರು ನೆನಪಾಗತ್ತೆ, ಇಲ್ಲ ಅನ್ನಲ್ಲ. ಆದ್ರೆ ನಿದ್ದೆ ಮಾತ್ರ, ಆಹಾ!"

ಮಾಮ ಇಂಜಿನ್ ಶುರು ಮಾಡಿದ. ಬೆರಳನ್ನು ನಾಲಿಗೆಗೆ ತಾಗಿಸಿ ಕಿಟಕಿಯಾಚೆ ಎತ್ತಿ ಹಿಡಿದ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು.

"ಮಾಮ, ಬಸ್ಸಿಗ್ಯಾಕೆ ಗಾಳಿ?"

ಮಾಮ ತನ್ನ ಬೆರಳನ್ನೇ ನೋಡಿ ಪೆಚ್ಚಾದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಳು ಅಭ್ಯಾಸ!"

ಅತ್ತೆ ಆಗಲೇ ಪೆನ್ಸಿಲ್ ತೆಗೆದಿದ್ದಳು. "ಹಾಗೇ ಇರು, ಒಂದ್ನಿಮಿಷ!"

"ಡ್ರೈವರ್ ಸಾಹೇಬ್ರು ಹೀರೋ ಆದ್ರಪ್ಪಾ, ನಾವು ನಡ್ಕೊಂಡೇ ಹೋಗೋಣ," ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು.

ಮರುದಿನ ಬೆಳಿಗ್ಗೆ ಚಿತ್ರದಲ್ಲಿ ದಡಕ್ಕೆ ಕಟ್ಟಿದ ದೋಣಿಯಿತ್ತು. ಮುಂದೆ ಬಸ್ಸು, ಕಿಟಕಿಯಲ್ಲಿ ನಗುವ ಮಾಮ, ಗಾಳಿಗೆ ಎತ್ತಿದ ಬೆರಳು.

"ಹೇಗಿದೆ?" ಎಂದಳು ಅತ್ತೆ.

ಗುಬ್ಬಿ ಮೊಣಕೈಯನ್ನು ಹಿಂದಕ್ಕೆ ಎಳೆದುಕೊಂಡು ಹತ್ತಿರ ಬಗ್ಗಿದಳು. "ಬಸ್ಸಲ್ಲಿ ಕೂತ್ರೂ ದೋಣಿ ಮಾಮನೇ."

ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮೊದಲ ಬಸ್ಸಿನ ಟಪಾಲು ಚೀಲಕ್ಕೆ ಮೇಜಿನ ಮೇಲಿದ್ದ ಆ ಪತ್ರವನ್ನು ತಾನೇ ಹಾಕಿದಳು.