ತಿಂಥಣಿಯ ಕತ್ತಿನ ಮಣಿ

೧೯೫೩ನೇ ಇಸವಿ ಫೆಬ್ರವರಿ ೯, ಸೋಮವಾರ. ಬೆಳಿಗ್ಗೆ ಎಂಟೂಕಾಲಿಗೆ ಭೂವಿಜ್ಞಾನಿ ನಾಗಣ್ಣ ಶಹಾಪುರ ಠಾಣೆಗೆ ಬಂದು, ಒಂದು ಎಲುಬು ಕಳುವಾಗಿದೆ ಎಂದು ದೂರು ಕೊಟ್ಟ.

ಜಮಾದಾರ ಶರೀಫಸಾಬ ಇಪ್ಪತ್ತು ವರ್ಷ ಉರ್ದುವಿನಲ್ಲಿ ರಿಜಿಸ್ಟರು ಬರೆದವನು. ಈಗ ಕನ್ನಡಕ್ಕೆ ಕೈ ಪಳಗಿಸುತ್ತಿದ್ದ. ಅವನ ಲೇಖನಿ ನಿಂತಿತು.

“ಯಾರ ಎಲುಬ್ರಿ? ಖೂನಿ ಕೇಸೇನು?”

“ಮನಷ್ಯಾರದಲ್ರಿ. ಕೋಟ್ಯಂತರ ವರ್ಷದ ಹಿಂದಿನ ಡೈನೋಸಾರ್‌ದು. ಉದ್ದ ಕತ್ತಿಂದು, ಗಿಡದ ತಪ್ಪಲ ತಿಂದು ಬದುಕತಿತ್ತು. ತಿಂಥಣಿ ಹೊಳಿ ದಂಡ್ಯಾಗ ಹನ್ನೊಂದ ತುಣುಕು ಸಿಕ್ಕಾವ. ತಲಿ ಸಿಕ್ಕಿಲ್ಲ. ಕತ್ತಿನ ಎಲುಬಿನ ಮಣಿ ಒಂದ ಇತ್ತು. ಅದನ್ನೇ ಒಯ್ದಾರ.”

ಸಬ್ ಇನ್‌ಸ್ಪೆಕ್ಟರ್ ಅಂಬಣ್ಣ ಕುರ್ಚಿ ಎಳೆದುಕೊಂಡ.

“ಮೊದಲ ಕಂಡವರು ಯಾರು?”

“ನಾನ.”

“ಜೋಡಿ ಯಾರಿದ್ರು?”

“ಕೂಲ್ಯಾರು. ಹೆಸರು ನೆನಪಿಲ್ರಿ.”

“ನಿಮ್ಮ ಮ್ಯಾಲ ಯಾರಿಗಾರ ಸಿಟ್ಟು?”

“ಯಾರಿಗೂ ಇಲ್ರಿ.”

ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ಪ್ರವಾಸಿ ಬಂಗಲೆಯಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಕೀಲಿ ಯಾವಾಗಲೂ ಬಾಗಿಲ ಮೇಲಿನ ಗೂಡಿನಲ್ಲಿರುತ್ತಿತ್ತು. ಭಾನುವಾರ ನಾಗಣ್ಣ ಸುರಪುರಕ್ಕೆ ಹೋದಾಗ ಯಾರೋ ಒಳಗೆ ಬಂದಿದ್ದರು. ಉಳಿದ ಹತ್ತು ತುಣುಕು ಹುಲ್ಲಿನಲ್ಲಿ ಹಾಗೇ ಮಲಗಿದ್ದವು. ನೆಲದ ಮೇಲೆ ಬುಟ್ಟಿ ಎಳೆದ ಗುರುತು, ಅದರ ಪಕ್ಕ ಎರಡು ಮೀನಿನ ಹುರುಪೆ.

ಅಂಬಣ್ಣ ಬಸ್ ನಿಲ್ದಾಣಕ್ಕೆ ನಡೆದ. ಸುರಪುರ ಬಸ್ಸಿನ ಕಂಡಕ್ಟರ್ ಸೂಗಪ್ಪನಿಗೆ ನೆನಪು ಗಟ್ಟಿಯಾಗಿತ್ತು.

“ನಿನ್ನಿ ಎರಡರ ಬಸ್ಸಿಗೆ ತಿಂಥಣಿ ಮೌನಮ್ಮ ಬುಟ್ಟಿ ಏರಿಸಿದಳ್ರಿ. ಮೀನ ಮಾರಿ ಊರಿಗೆ ಹೋಗೋರ ಬುಟ್ಟಿ ಹಗುರ ಇರಬೇಕಲ್ಲ? ಇಬ್ಬರು ಹಿಡದು ಎತ್ತಿದಿವಿ.”

“ಏನೈತಿ ಅಂತ ಕೇಳಲಿಲ್ಲೇನು?”

“ಕೇಳಿದೆ. ‘ನನ್ನ ಗಂಡ ಅದಾನ’ ಅಂದಳ್ರಿ.”

ಸಂಜೆ ನಾಲ್ಕೂವರೆಗೆ ಅಂಬಣ್ಣ, ಶರೀಫಸಾಬ ತಿಂಥಣಿ ಮುಟ್ಟಿದರು. ಮೌನಮ್ಮ ಹೊಸ್ತಿಲಲ್ಲಿ ಕೂತು ಬಲೆ ಹೆಣೆಯುತ್ತಿದ್ದಳು. ನಡುಮನೆಯಲ್ಲಿ ಗಂಡಸಿನ ಧೋತರ ಹೊದ್ದು ಎಲುಬು ಕೂತಿತ್ತು. ಅವಳು ಅದನ್ನು ಬಚ್ಚಿಡುವ ಗೋಜಿಗೇ ಹೋಗಿರಲಿಲ್ಲ.

“ಕೀಲಿ ಎಲ್ಲಿರತದ ಅಂತ ಹೆಂಗ ಗೊತ್ತಾತು?”

“ಎರಡು ವರ್ಷ ಆ ಬಂಗಲ್ಯಾಗ ಎಲುಬೆಲ್ಲ ತೊಳದಾಕಿ ನಾನ. ದಂಡಿ ಕುಸದಾಗ ಮದಲ ಕಂಡಾಕಿನೂ ನಾನ.”

ಅಂಬಣ್ಣ ಶರೀಫಸಾಬನ ಮುಖ ನೋಡಿದ. ಮೊದಲು ಕಂಡವನು ತಾನೇ ಎಂದ ನಾಗಣ್ಣನ ಮಾತನ್ನು ಬೆಳಿಗ್ಗೆ ಕೇಳಿ, ನಂಬಿ, ಸಹಿ ಹಾಕಿಸಿಕೊಂಡಿದ್ದ.

ಮೌನಮ್ಮ ತಡೆಯದೆ ಹೇಳಿದಳು. ನಾಗಣ್ಣ ಅವಳ ಮನೆಯಲ್ಲೇ ಉಂಡಿದ್ದ, ಅವ್ವಾ ಎಂದೇ ಕರೆಯುತ್ತಿದ್ದ. ಹೋದ ವೈಶಾಖದಲ್ಲಿ ಈ ಮಣಿಯನ್ನು ಬಿಡಿಸಲು ಅವಳ ಗಂಡ ಗುರಪ್ಪ ದಂಡೆಯ ಬುಡ ಕೊರೆಯುತ್ತಿದ್ದಾಗ ಮಣ್ಣು ಜರಿದು ಅವನ ಮೇಲೆ ಬಿತ್ತು.

“ನಾ ಗಂಡನ್ನ ಕರದು ಚೀರಾಕತ್ತಿದ್ದೆ. ನಾಗಣ್ಣ ‘ಎಲುಬು, ಎಲುಬು’ ಅಂತ ಚೀರಾಕತ್ತಿದ್ದ.”

ಪೊಲೀಸರಿಗೆ ಗೊತ್ತಾದರೆ ಕೆಲಸ ನಿಲ್ಲುತ್ತದೆ, ಹೊಳೆಯಲ್ಲಿ ಮುಳುಗಿದ ಎಂದು ಹೇಳು, ಪ್ರಾಣಿಗೆ ಗುರಪ್ಪನ ಹೆಸರಿಡಿಸುತ್ತೇನೆ ಎಂದು ನಾಗಣ್ಣ ಅವಳ ಕಾಲು ಹಿಡಿದಿದ್ದ. ಅವಳು ಹಾಗೇ ಹೇಳಿದಳು. ಹೋದ ವಾರ ಸಾಲಿ ಮಾಸ್ತರ ಮರಿಲಿಂಗಪ್ಪ ಪತ್ರಿಕೆ ಓದಿ ಹೇಳಿದ: ನಾಗಣ್ಣ ಒಬ್ಬನೇ ಹೊಳೆದಂಡೆ ಅಲೆದು ಎಲುಬು ಕಂಡುಹಿಡಿದನಂತೆ. ಅವಳು ಮೂರು ಸಲ ಓದಿಸಿದಳು. ಮೂರು ಸಲವೂ ಗುರಪ್ಪ ಬರಲಿಲ್ಲ.

ಐದು ಇಪ್ಪತ್ತಕ್ಕೆ ಅಂಬಣ್ಣ ಎಲುಬು ಜಪ್ತಿ ಮಾಡಿ ಮೌನಮ್ಮನನ್ನು ಬಂಧಿಸಿದ. ಕಾಯ್ದೆ ಬೇರೆ ದಾರಿ ಬಿಟ್ಟಿರಲಿಲ್ಲ.

ಮರುದಿನ ಎಂಟಕ್ಕೆ ನಾಗಣ್ಣ ನಗುತ್ತ ಬಂದ. “ಶಾಬಾಸ್ರಿ! ಎಲುಬ ಕೊಡ್ರಿ, ಹೈದರಾಬಾದಿಗೆ ಕಳಸಬೇಕು.”

ಅಂಬಣ್ಣ ಅವನ ಮುಂದೆ ಬೇರೊಂದು ಕಾಗದ ಇಟ್ಟ. ಗುರಪ್ಪನ ಅಸಹಜ ಸಾವಿನ ಪ್ರಕರಣ, ದಿನಾಂಕ ಅದೇ ಬೆಳಗಿನದು.

“ಕೂಡ್ರಿ. ನಿಮ್ಮ ಹೇಳಿಕಿ ಬೇಕು.”

ನಾಗಣ್ಣನ ನಗು ಅಲ್ಲೇ ನಿಂತಿತು. ಅವನು ಲಾಕಪ್ಪಿನ ಕಡೆ ತಿರುಗಿ ನೋಡಲಿಲ್ಲ.

ಅಂಬಣ್ಣ ಕೇಸ್ ಡೈರಿ ತೆಗೆದ. ಕಳುವಿನ ಕಾರಣ ಎಂಬ ಕಡೆ ಏನು ಬರೆಯಲಿ ಎಂದು ಸರಳಿನ ಹತ್ತಿರ ಹೋಗಿ ಕೇಳಿದ. “ಹೆಸರ ಸಲುವಾಗಿ ಅಂತ ಬರೀಲೇನವ್ವಾ?”

ಮೌನಮ್ಮ ಅಲ್ಲ ಎಂದು ತಲೆ ಅಲ್ಲಾಡಿಸಿದಳು.

“ನನ್ನ ಗಂಡ ಮುಳುಗಿ ಸತ್ತ ಅಂತ ಊರ ತುಂಬ ನಾನ ಹೇಳಕೋತ ತಿರುಗೀನ್ರಿ. ಅಂಬಿಗ್ರಾಂವ ಅಂವ. ತುಂಬಿದ ಕೃಷ್ಣಾನ್ನ ಈಸ್ತಿದ್ದ.”